ಮುಳ್ಳಿಗೊಂದು ಬೇಲಿ: ಕಳೆಗೆ ಸಿಕ್ಕಿಹಾಕಿಕೊಳ್ಳದ ಜಿಗ್ ಮನೆಯಲ್ಲೇ ಮಾಡೋದು ಹೇಗೆ?

ಹೋದ ಸಲ ನಮ್ಮ ಸಂಘದವರು ಏನಾದ್ರೂ ಬರಿ ಅಂತ ಹಿಂದೆ ಬಿದ್ದಾಗ ‘ನಂಗೆ ಕನ್ನಡದಲ್ಲಿ ಬರೆಯೋಕೆ ಬರಲ್ಲ’ ಅಂತ ತಪ್ಪಿಸಿಕೊಂಡಿದ್ದೆ. ಸುಳ್ಳೇನಲ್ಲ, ಎಲ್‌ಕೆಜಿಯಿಂದಲೂ ಇಂಗ್ಲಿಷ್ ಮೀಡಿಯಂ. ಒತ್ತಕ್ಷರ ತಪ್ಪಿದ್ರೆ ತಿದ್ದಿಕೊಂಡು ಓದಿ. ಈ ಸಲ ಬರೆಯೋಕೆ ಒಂದು ಕಾರಣ ಇದೆ. ಇದನ್ನ ಹೇಗೆ ಮಾಡಿದೆ ಅಂತ ನಮ್ಮ ಸೋದರಮಾವ ಕೇಳಿದ್ರು. ಇಂಗ್ಲಿಷಲ್ಲಿ ಬರೆದಿಟ್ಟಿದ್ದ ನೋಟ್ಸ್ ತೋರಿಸಿದ್ರೆ, ‘ಇದನ್ನ ಇಟ್ಕೊಂಡು ನಾನೇನ್ ಮಾಡ್ಲಿ, ಕನ್ನಡದಲ್ಲಿ ಬರ್ಕೊಡು’ ಅಂದ್ರು. ಅವರಿಗೆ ಬರೆದುಕೊಟ್ಟಿದ್ದನ್ನೇ ಇನ್ನಷ್ಟು ವಿವರ ಸೇರಿಸಿ ಇಲ್ಲಿ ಕೊಡ್ತಿದ್ದೀನಿ.

ಮಾವನ ಊರು ತುಮಕೂರು ಜಿಲ್ಲೆಯಲ್ಲಿ. ಊರ ಹಿಂದೆ ಒಂದು ಕೆರೆ. ನಾನು ಚಿಕ್ಕವನಿದ್ದಾಗ ರಜಕ್ಕೆ ಹೋದ್ರೆ ಮಾವನ ಜೊತೆ ಏರಿ ಮೇಲೆ ಕೂತು ಗಾಳ ಹಾಕೋದೇ ಕೆಲಸ. ಆಮೇಲೆ ಕೆರೆಗೆ ಅಂತರಗಂಗೆ ಬಂತು. ನೇರಳೆ ಬಣ್ಣದ ಹೂ ಬಿಡೋ, ನೀರಿನ ಮೇಲೆ ತೇಲೋ ಆ ಕಳೆ ದಕ್ಷಿಣ ಅಮೆರಿಕದ್ದು. ಒಂದು ಸಲ ಹಿಡಿದ್ರೆ ಬಿಡಲ್ಲ. ಈಗ ಅರ್ಧ ಕೆರೆ ಹಸಿರು ಚಾಪೆ ಹಾಸಿದ ಹಾಗಿದೆ.

ಗಮ್ಮತ್ತು ಅಂದ್ರೆ ಕೊರವ ಮೀನಿಗೆ ಆ ಚಾಪೆ ಅಂದ್ರೆ ಬಲು ಇಷ್ಟ. ಇಂಗ್ಲಿಷಿನವರು ಮರ್ರೆಲ್ ಅಂತಲೂ, ಹಾವಿನ ತಲೆ ಥರ ಇರೋದ್ರಿಂದ ಸ್ನೇಕ್‌ಹೆಡ್ ಅಂತಲೂ ಕರೆಯೋ ಮೀನು ಇದು. ನೀರಿನಲ್ಲಿ ಆಮ್ಲಜನಕ ಕಡಿಮೆ ಆದ್ರೂ ಮೇಲೆ ಬಂದು ಗಾಳಿ ನುಂಗಿ ಬದುಕುತ್ತೆ. ಕಳೆಯ ನೆರಳಲ್ಲಿ ಹೊಂಚು ಹಾಕಿ ಕೂತು, ಹತ್ತಿರ ಬಂದ ಕಪ್ಪೆನೋ ಸಣ್ಣ ಮೀನನ್ನೋ ಒಂದೇ ಏಟಿಗೆ ಹಿಡಿಯುತ್ತೆ. ಅಂದ್ರೆ ಮೀನು ಇರೋ ಜಾಗಕ್ಕೇ ಗಾಳ ಹಾಕೋ ಹಾಗಿಲ್ಲ. ಹಾಕಿದ್ರೆ ಕಳೆಗೆ ಸಿಕ್ಕಿಹಾಕಿಕೊಳ್ಳುತ್ತೆ.

ಎರಡು ವರ್ಷದ ಹಿಂದೆ ಮಾವ ಹೀಗೆ ಸಿಕ್ಕಿದ್ದ ಗಾಳ ಬಿಡಿಸೋಕೆ ನೀರಿಗಿಳಿದ್ರು. ಸೊಂಟದ ಮಟ್ಟ ಅಂದ್ಕೊಂಡಿದ್ದ ನೀರು ಎದೆಗೆ ಬಂತು. ಅಂತರಗಂಗೆ ಬೇರು ಕಾಲಿಗೆ ಸುತ್ತಿಕೊಂಡು, ಕೆಸರಲ್ಲಿ ಕಾಲು ಹೂತು, ಕಡೆಗೆ ದನ ಮೇಯಿಸ್ತಿದ್ದವರು ಹಗ್ಗ ಎಸೆದು ಎಳೆದ್ರು. ಇಪ್ಪತ್ತು ರೂಪಾಯಿ ಕೊಕ್ಕೆಗೋಸ್ಕರ. ಅವತ್ತಿಂದ ಅತ್ತೆ ಗಾಳದ ಕೋಲು ಅಟ್ಟಕ್ಕೆ ಹಾಕಿಬಿಟ್ರು.

ಕಳೆಗೆ ಸಿಕ್ಕದ ಗಾಳ ಇದ್ರೆ ನೀರಿಗಿಳಿಯೋ ಪ್ರಶ್ನೆನೇ ಇಲ್ಲ. ಅಲ್ಲಿಂದ ಶುರು ಆಯ್ತು ನನ್ನ ಪ್ರಾಜೆಕ್ಟು.

ಜಿಗ್ ಅಂದ್ರೇನು?

ಜಿಗ್ ಅಂದ್ರೆ ತಲೆಯಲ್ಲಿ ಭಾರ ಇರೋ ಕೊಕ್ಕೆ. ಮಾಮೂಲಿ ಗಾಳದಲ್ಲಿ ಕೊಕ್ಕೆ ಬೇರೆ, ಸೀಸದ ಗುಂಡು ಬೇರೆ. ಜಿಗ್‌ನಲ್ಲಿ ಎರಡೂ ಒಂದೇ. ತಲೆ ಹಿಂದೆ ರಬ್ಬರ್ ಎಳೆಗಳ ಒಂದು ಕುಚ್ಚು ಕಟ್ಟಿರ್ತಾರೆ. ಎಳೆದು ಬಿಟ್ಟು, ಎಳೆದು ಬಿಟ್ಟು ಮಾಡಿದ್ರೆ ಅದು ನೀರಲ್ಲಿ ಕುಪ್ಪಳಿಸುತ್ತೆ, ಕುಚ್ಚು ಅರಳಿ ಮುಚ್ಚುತ್ತೆ, ಮೀನಿಗೆ ಏನೋ ಜೀವ ಇರೋದು ಓಡಾಡಿದ ಹಾಗೆ ಕಾಣುತ್ತೆ.

ಜಿಗ್ ಕೊಕ್ಕೆಯ ವಿಶೇಷ ಅಂದ್ರೆ, ದಾರ ಕಟ್ಟೋ ಕಣ್ಣಿನ ಹತ್ತಿರ ಕಂಬಿ ಮೇಲಕ್ಕೆ ಬಾಗಿರುತ್ತೆ. ಹಾಗಾಗಿ ಕಣ್ಣು ಮೇಲೆ, ಭಾರ ಕೆಳಗೆ. ದಾರದಿಂದ ತೂಗುಬಿಟ್ಟಾಗ ಭಾರ ತಾನಾಗೇ ಅಡಿಗೆ ಹೋಗಿ ಮುಳ್ಳು ಆಕಾಶ ನೋಡುತ್ತೆ. ತಳದ ಕಲ್ಲು, ಕಡ್ಡಿಗೆ ಮುಳ್ಳು ತಾಗೋದು ಇದರಿಂದಲೇ ಅರ್ಧ ತಪ್ಪುತ್ತೆ.

ಉಳಿದರ್ಧಕ್ಕೆ ಇರೋದೇ ಬೇಲಿ. ತಲೆಯಿಂದ ಹೊರಟು ಮುಳ್ಳಿನ ತುದಿಯ ಮುಂದೆ ಓರೆಯಾಗಿ ನಿಲ್ಲೋ ಪ್ಲಾಸ್ಟಿಕ್ ಬಿರುಗೂದಲುಗಳ ಒಂದು ಗೊಂಚಲು ಅದು. ಅಮೆರಿಕದಲ್ಲಿ ಲಾರ್ಜ್‌ಮೌತ್ ಬ್ಯಾಸ್ ಅನ್ನೋ ಮೀನನ್ನ ಮುಳುಗಿದ ಮರ, ಪೊದೆ, ಕಳೆ ನಡುವೆ ಹಿಡಿಯೋಕೆ ಇಂಥ ಜಿಗ್ ತುಂಬಾ ಬಳಸ್ತಾರೆ. ಆ ಮೀನು ನಮ್ಮ ಕೆರೆಯಲ್ಲಿಲ್ಲ. ಆದ್ರೆ ಹೊಂಚು ಹಾಕೋ ಬುದ್ಧಿ, ಕಳೆಯಲ್ಲಿ ಅಡಗೋ ಅಭ್ಯಾಸ ಎರಡೂ ನಮ್ಮ ಕೊರವಕ್ಕೂ ಇದೆ.

ನಾನು ಮೊದಲ ಸಲ ಚಿತ್ರ ತೋರಿಸಿದಾಗ ಮಾವ ಒಂದೇ ಮಾತು ಕೇಳಿದ್ರು: ‘ಮುಳ್ಳಿಗೇ ಬೇಲಿ ಹಾಕ್‌ಬುಟ್ರೆ ಮೀನು ಹೆಂಗ್ಲಾ ಸಿಕ್ಕತದೆ?’

ಇಡೀ ವಿಷಯ ಇರೋದೇ ಈ ಪ್ರಶ್ನೆಯಲ್ಲಿ. ಬೇಲಿ ಕಳೆಗೆ ಬಾಗಬಾರದು, ಮೀನಿನ ಬಾಯಿಗೆ ಬಾಗಬೇಕು. ಎರಡಕ್ಕೂ ನಡುವೆ ಎಲ್ಲೋ ಒಂದು ಸರಿಯಾದ ಗಡಸುತನ ಇದೆ. ಅದನ್ನ ಹುಡುಕೋಕೆ ನಂಗೆ ನಾಲ್ಕು ಜಿಗ್ ಬೇಕಾಯ್ತು.

ಮೊದಲನೇ ಜಿಗ್: ಮಾಡಬಾರದ ರೀತಿ

ಜಿಗ್ ತಲೆಯನ್ನ ಸಾಮಾನ್ಯವಾಗಿ ಸೀಸ ಕರಗಿಸಿ ಅಚ್ಚಿಗೆ ಹುಯ್ದು ಮಾಡ್ತಾರೆ. ಸೀಸ ಅಗ್ಗ, ಭಾರ, 327 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತೆ. ನಾನೂ ಹಾಗೇ ಮಾಡೋಕೆ ಹೋದೆ. ಮಾವನ ಮನೆ ಹಿತ್ತಲಲ್ಲಿ ಸೌದೆ ಒಲೆ, ಹಳೇ ಬಾಣಲೆ, ಗ್ಯಾರೇಜಿಂದ ತಂದ ಸೀಸದ ಚೂರುಗಳು. ಅಚ್ಚು ಪ್ಲಾಸ್ಟರ್ ಆಫ್ ಪ್ಯಾರಿಸ್‌ದು. ಎರಡು ದಿನ ಬಿಸಿಲಿಗಿಟ್ಟಿದ್ದೆ, ಮುಟ್ಟಿದ್ರೆ ಒಣಗಿದ ಹಾಗೇ ಇತ್ತು.

ಒಣಗಿರಲಿಲ್ಲ. ಸೀಸ ಹುಯ್ದ ತಕ್ಷಣ ‘ಟಪ್’ ಅಂತ ಸಿಡಿಯಿತು. ಒಂದು ಹನಿ ಕನ್ನಡಕದ ಗಾಜಿಗೆ ಅಂಟಿತು, ಇನ್ನೊಂದು ಮಣಿಕಟ್ಟಿಗೆ. ಆ ಕಲೆ ಇನ್ನೂ ಇದೆ. ಕನ್ನಡಕ ಇಲ್ಲದೇ ಹೋಗಿದ್ರೆ ಏನಾಗ್ತಿತ್ತು ಅಂತ ಯೋಚನೆ ಮಾಡೋಕೂ ಇಷ್ಟ ಇಲ್ಲ.

ಕಾರಣ ನಾವೆಲ್ಲ ಓದಿರೋದೇ. 1 ಮಿಲಿಲೀಟರ್ ನೀರು ಆವಿಯಾದ್ರೆ ಸುಮಾರು 1.7 ಲೀಟರ್ ಆಗುತ್ತೆ. ಅಚ್ಚಿನ ಒಳಗೆ ಉಳಿದಿದ್ದ ಒಂದು ಹನಿ ತೇವ 300 ಡಿಗ್ರಿ ದಾಟಿದ ಲೋಹದ ಕೆಳಗೆ ಸಿಕ್ಕಿದ್ರೆ ಹೊರಗೆ ಬರೋಕೆ ದಾರಿ ಇರಲ್ಲ. ಲೋಹವನ್ನೇ ಎಸೆದುಕೊಂಡು ಬರುತ್ತೆ.

ಆದ್ರೆ ನಂಗೆ ನಿಜವಾಗಿ ಭಯ ಆಗಿದ್ದು ಅದಾದ ಮೇಲೆ. ನಾನು ಕೈಗೆ ತಣ್ಣೀರು ಹಾಕಿಕೊಳ್ತಾ ಇದ್ದೆ. ಮಾವನ ಮಗಳು, ಮೂರು ವರ್ಷದ್ದು, ಹಿತ್ತಲಿಗೆ ಬಂದು ನೆಲದ ಮೇಲೆ ಬಿದ್ದಿದ್ದ ಹೊಳೆಯೋ ಸೀಸದ ಗೋಲಿಯೊಂದನ್ನ ಎತ್ತಿ ಬಾಯಿ ಹತ್ತಿರ ತಗೊಂಡು ಹೋಗಿದ್ಲು. ಅತ್ತೆ ನೋಡಿ ಕೈಯಿಂದ ಕಿತ್ಕೊಂಡ್ರು. ಬಾಯಿಗೆ ಹೋಗಿರಲಿಲ್ಲ. ಅತ್ತೆ ನಂಗೆ ಏನೂ ಬೈಯಲಿಲ್ಲ. ಪೊರಕೆ ತಂದು ಹಿತ್ತಲು ಗುಡಿಸೋಕೆ ಶುರು ಮಾಡಿದ್ರು. ಬೈದಿದ್ರೇ ವಾಸಿ ಇತ್ತು.

ಸೀಸ ಮೆದುಳು, ನರಗಳಿಗೆ ವಿಷ. ಮಕ್ಕಳ ರಕ್ತದಲ್ಲಿ ಇಷ್ಟು ಇದ್ರೆ ಪರವಾಗಿಲ್ಲ ಅನ್ನೋ ಮಟ್ಟವೇ ಗೊತ್ತಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಹೊಟ್ಟೆಗೆ ಹೋದ ಸೀಸವನ್ನ ಚಿಕ್ಕ ಮಕ್ಕಳ ದೇಹ ದೊಡ್ಡವರಿಗಿಂತ 4-5 ಪಟ್ಟು ಹೆಚ್ಚು ಹೀರಿಕೊಳ್ಳುತ್ತೆ ಅಂತಲೂ ಅದೇ ಸಂಸ್ಥೆ ಹೇಳುತ್ತೆ. ಕೆರೆಯ ವಿಷಯವೂ ಹಾಗೇ. ದಾರ ಕಿತ್ತುಹೋದ ಪ್ರತಿ ಸಲ ಒಂದು ಸೀಸದ ಗುಂಡು ಕೆರೆಯಲ್ಲಿ ಉಳಿಯುತ್ತೆ. ನೀರುಹಕ್ಕಿಗಳು ತಿಂದಿದ್ದನ್ನ ಅರೆಯೋಕೆ ಸಣ್ಣ ಕಲ್ಲು ನುಂಗ್ತವೆ. ಕಲ್ಲು ಅಂದ್ಕೊಂಡು ಸೀಸ ನುಂಗಿದ್ರೆ ವಿಷ ಮೈಗೇರುತ್ತೆ. ಹೀಗೆ ಹಂಸಗಳು ಸಾಯ್ತಿದ್ದಾವೆ ಅಂತ ಬ್ರಿಟನ್‌ನಲ್ಲಿ 1987ರಲ್ಲೇ ಹೆಚ್ಚಿನ ಸೀಸದ ಗಾಳದ ಗುಂಡುಗಳ ಮೇಲೆ ನಿಷೇಧ ತಂದ್ರು.

ಹಾಗಾಗಿ ಈ ಪಾಠದ ಮೊದಲ ನಿಯಮ: ಮನೆಯಲ್ಲಿ, ಹಾಸ್ಟೆಲಲ್ಲಿ ಸೀಸ ಕರಗಿಸೋದು ಬೇಡ. ‘ನಾನು ಹುಷಾರಾಗಿ ಮಾಡ್ತೀನಿ’ ಅಂತ ನಾನೂ ಅಂದ್ಕೊಂಡಿದ್ದೆ.

ಸೀಸ ಬೇಡ, ಕರಗಿಸೋದೂ ಬೇಡ

ಇದಕ್ಕೆ ದಾರಿ ಕಂಡಿದ್ದು ಎಲೆಕ್ಟ್ರಾನಿಕ್ಸ್ ಲ್ಯಾಬಲ್ಲಿ. ಬೆಸುಗೆ ತಂತಿ, ಅಂದ್ರೆ ಸೋಲ್ಡರ್. ಮೆತ್ತಗಿರುತ್ತೆ, ಕೈಯಲ್ಲೇ ಬಾಗುತ್ತೆ. ಕರಗಿಸದೆ ಕೊಕ್ಕೆಗೆ ಸುಮ್ಮನೆ ಸುತ್ತಿದ್ರೆ ಭಾರ ಬಂತು.

ಆದ್ರೆ ಒಂದು ಎಚ್ಚರ. ಸುರುಳಿ ಮೇಲೆ 60/40 ಅಂತಿದ್ರೆ ಅದರಲ್ಲಿ ನೂರಕ್ಕೆ 40 ಪಾಲು ಸೀಸವೇ. ಬೇಕಾದ್ದು ಸೀಸರಹಿತ ತಂತಿ. ಅದರಲ್ಲಿ ಸಾಮಾನ್ಯವಾಗಿ ಸಿಗೋದು 99.3 ಪಾಲು ತವರ, 0.7 ಪಾಲು ತಾಮ್ರ ಇರೋದು. ಲೇಬಲ್ ಓದಿ ತಗೊಳ್ಳಿ.

ತವರದ ಸಾಂದ್ರತೆ ಘನ ಸೆಂಟಿಮೀಟರಿಗೆ 7.3 ಗ್ರಾಂ, ಸೀಸದ್ದು 11.3. ಹಾಗಾಗಿ ಅಷ್ಟೇ ತೂಕಕ್ಕೆ ತವರದ ತಲೆಯ ಗಾತ್ರ ಸುಮಾರು ಒಂದೂವರೆ ಪಟ್ಟು ಆಗುತ್ತೆ, ಸ್ವಲ್ಪ ನಿಧಾನಕ್ಕೆ ಮುಳುಗುತ್ತೆ. ಎರಡಾಳು ಆಳದ ನೀರಿಗೆ ಇದು ತೊಂದರೆ ಇರಬಹುದು. ಮೊಣಕಾಲಿಂದ ಎದೆವರೆಗಿನ ನೀರಲ್ಲಿ ಕಳೆ ಸಂದಿಗೆ ಇಳಿಸೋ ಜಿಗ್‌ಗೆ ನಿಧಾನ ಇಳಿಯೋದೇ ಒಳ್ಳೇದು. ಮೀನಿಗೆ ನೋಡೋಕೆ ಸಮಯ ಸಿಗುತ್ತೆ.

ಎಷ್ಟು ಉದ್ದ ಬೇಕು? 1.2 ಮಿಲಿಮೀಟರ್ ತಂತಿಯ ಅಡ್ಡಕೊಯ್ತದ ವಿಸ್ತೀರ್ಣ 1.13 ಚದರ ಮಿ.ಮೀ. ಅದಕ್ಕೆ ಸಾಂದ್ರತೆ ಗುಣಿಸಿದ್ರೆ ಮೀಟರಿಗೆ ಸುಮಾರು 8.2 ಗ್ರಾಂ. 5 ಗ್ರಾಂಗೆ 60 ಸೆಂ.ಮೀ. ತಂತಿ ಒಳಗೆ ಫ್ಲಕ್ಸ್ ಇದ್ರೆ ಸ್ವಲ್ಪ ಕಡಿಮೆ ತೂಗುತ್ತೆ. ಅದಕ್ಕೇ ಲೆಕ್ಕ ಹಾಕಿ, ಆಮೇಲೆ ತೂಗಿಯೂ ನೋಡಿ.

ಬೇಕಾದ ಸಾಮಾನು

1. ಜಿಗ್ ಕೊಕ್ಕೆ, 3/0 ಅಳತೆ. ಮೀನುಗಾರಿಕೆ ಸಾಮಾನಿನ ಅಂಗಡಿಯಲ್ಲೋ ಆನ್‌ಲೈನಲ್ಲೋ ಸಿಗುತ್ತೆ. ಮಾಮೂಲಿ ಕೊಕ್ಕೆನ ಕಾಯಿಸಿ ಬಗ್ಗಿಸಬೇಡಿ, ಕಾಯಿಸಿದ್ರೆ ಉಕ್ಕಿನ ಗಡಸುತನ ಹೋಗುತ್ತೆ.
2. ಸೀಸರಹಿತ ಬೆಸುಗೆ ತಂತಿ, 1.2 ಮಿ.ಮೀ., ಒಂದು ಜಿಗ್‌ಗೆ 60-65 ಸೆಂ.ಮೀ.
3. ಎಂ-ಸೀಲ್. ಮನೆಯಲ್ಲಿ ನಲ್ಲಿ ಸೋರಿದ್ರೆ ಹಚ್ಚೋದೇ.
4. ಬೇಲಿಗೆ 0.8 ಮಿ.ಮೀ. ದಪ್ಪದ ನೈಲಾನ್ ಗಾಳದ ದಾರ. ನಮ್ಮ ಕಡೆ ತಂಗೂಸಿ ಅಂತಾರಲ್ಲ, ಅದು.
5. ಹೊಲಿಗೆ ದಾರ, ಫೆವಿಕ್ವಿಕ್.
6. ಕುಚ್ಚಿಗೆ ಬಣ್ಣದ ರಬ್ಬರ್ ಗ್ಲೌಸ್ ಅಥವಾ ಬಲೂನು, ಅದನ್ನ ಹಿಡಿಯೋಕೆ ಸೈಕಲ್ ವಾಲ್ ಟ್ಯೂಬಿನ ತುಂಡು.
7. ನೇಲ್ ಪಾಲಿಶ್. ಅಕ್ಕನ್ನ ಕೇಳಿಯೇ ತಗೊಳ್ಳಿ.
8. ಇಕ್ಕಳ, ಕತ್ತರಿ, ಕಣ್ಣಿಗೆ ಕನ್ನಡಕ, 1 ಗ್ರಾಂವರೆಗೆ ತೋರಿಸೋ ಅಡುಗೆಮನೆ ತಕ್ಕಡಿ.

ಎಲ್ಲಾ ಸೇರಿ ನಂಗೆ ಒಂದು ಜಿಗ್ ಐವತ್ತು ರೂಪಾಯಿ ಒಳಗೆ ಬಂತು.

ಮಾಡೋ ಕ್ರಮ

ಮೊದಲು ಮುಳ್ಳಿನ ತುದಿಗೆ ಒಂದು ಚೂರು ಥರ್ಮೋಕೋಲ್ ಚುಚ್ಚಿ. ಕಡೇವರೆಗೂ ತೆಗೀಬೇಡಿ.

ಬಾಗಿದ ಜಾಗದ ಹಿಂದೆ ಒಂದು ಸೆಂಟಿಮೀಟರ್ ಉದ್ದಕ್ಕೆ ಹೊಲಿಗೆ ದಾರ ಒತ್ತಾಗಿ ಸುತ್ತಿ, ಒಂದು ಹನಿ ಫೆವಿಕ್ವಿಕ್ ಹಾಕಿ. ನಯವಾದ ಕಂಬಿ ಮೇಲೆ ನೇರವಾಗಿ ತಂತಿ ಸುತ್ತಿದ್ರೆ ಗಿರಗಿರ ತಿರುಗುತ್ತೆ. ದಾರ ಇದ್ರೆ ಹಿಡಿತ ಸಿಗುತ್ತೆ.

ಅದರ ಮೇಲೆ ಬೆಸುಗೆ ತಂತಿ ಸುತ್ತಿ. ಹೋಗಿ ಬಂದು, ಹೋಗಿ ಬಂದು, ಪದರದ ಮೇಲೆ ಪದರ. ಕಡೆಯ 10 ಸೆಂಟಿಮೀಟರ್ ಸುತ್ತಬೇಡಿ. ಅದನ್ನ ಮಡಚಿ ಮುಳ್ಳಿಗೆ ಎದುರು ಬದಿಯಲ್ಲಿ, ಅಂದ್ರೆ ಹೊಟ್ಟೆಯ ಅಡಿಗೆ ಒತ್ತಿ ದಾರದಿಂದ ಕಟ್ಟಿ. ಭಾರ ಅಡಿಯಲ್ಲಿ ಹೆಚ್ಚಿದ್ರೆ ಜಿಗ್ ಮಗುಚಲ್ಲ. ಕೆಲಸ ಮುಗಿದ ಮೇಲೆ ಕೈ ತೊಳೀರಿ.

ಈಗ ಬೇಲಿ. ತಂಗೂಸಿ ಸುರುಳಿಯಿಂದ ಬಂದಿರೋದ್ರಿಂದ ಬಾಗಿರುತ್ತೆ. ಬಿಸಿನೀರಲ್ಲಿ ಒಂದು ನಿಮಿಷ ಅದ್ದಿ, ಎಳೆದು ಹಿಡಿದು ಆರಿಸಿದ್ರೆ ನೆಟ್ಟಗಾಗುತ್ತೆ. 4 ಸೆಂ.ಮೀ. ಉದ್ದದ 8 ತುಂಡು ಕತ್ತರಿಸಿ, ಒಂದು ತುದಿಯ 8 ಮಿಲಿಮೀಟರನ್ನ ಒಟ್ಟಾಗಿ ದಾರದಿಂದ ಬಿಗಿದು ಅಂಟು ಹಾಕಿ. ಈ ಬುಡವನ್ನ ತಲೆಯ ಮೇಲ್ಭಾಗದಲ್ಲಿ, ಕಣ್ಣಿನ ಹಿಂದೆ ಇಟ್ಟು ಕಟ್ಟಿ. ಎಳೆಗಳು ಓರೆಯಾಗಿ ಹಿಂದಕ್ಕೆ ವಾಲಿ, ಮುಳ್ಳಿನ ತುದಿಗಿಂತ ಸುಮಾರು 8 ಮಿ.ಮೀ. ಮೇಲೆ ನಿಲ್ಲಬೇಕು.

ಎಂ-ಸೀಲ್‌ನ ಎರಡು ಭಾಗ ಕಲಸಿ ಎಲ್ಲದರ ಮೇಲೂ ಹಚ್ಚಿ. ಆಕಾರ ಮುಖ್ಯ. ಕಣ್ಣಿನ ಕಡೆ ಚೂಪಾಗಿ, ಹಿಂದಕ್ಕೆ ಹೋಗ್ತಾ ದಪ್ಪಗೆ, ಕೋನ್ ಥರ ಇರಲಿ. ದುಂಡಗೆ ಮಾಡಿದ್ರೆ ಕುತ್ತಿಗೆ ಹತ್ತಿರ ಒಂದು ಮೆಟ್ಟಿಲಾಗುತ್ತೆ, ಕಳೆ ಅಲ್ಲೇ ಕೂರುತ್ತೆ. ಒದ್ದೆ ಬೆರಳಲ್ಲಿ ಸವರಿದ್ರೆ ನಯ ಆಗುತ್ತೆ. ಕಣ್ಣಿನ ತೂತಿಗೆ ಒಂದು ಕಡ್ಡಿ ತೂರಿಸಿಡಿ, ಇಲ್ಲಾಂದ್ರೆ ತೂತು ಮುಚ್ಚಿಹೋಗುತ್ತೆ. ಒಂದು ರಾತ್ರಿ ಬಿಡಿ. ಬೆಳಿಗ್ಗೆ ನೇಲ್ ಪಾಲಿಶ್ ಎರಡು ಕೋಟ್.

ಕಡೇದಾಗಿ ಕುಚ್ಚು. ಗ್ಲೌಸನ್ನ 2 ಮಿ.ಮೀ. ಅಗಲದ ಉದ್ದ ಪಟ್ಟಿಗಳಾಗಿ ಕತ್ತರಿಸಿ, ಇಪ್ಪತ್ತು ಪಟ್ಟಿ ಸಾಕು. ತಲೆಯ ಹಿಂದೆ ಸುತ್ತ ಜೋಡಿಸಿ ದಾರದಿಂದ ಕಟ್ಟಿ, ಗಂಟಿನ ಮೇಲೆ ವಾಲ್ ಟ್ಯೂಬ್ ತುಂಡು ಏರಿಸಿ.

ಎರಡನೇ ಜಿಗ್: ಬೇಲಿಯ ಲೆಕ್ಕ

ಎರಡನೇದು ನೋಡೋಕೆ ಚೆನ್ನಾಗಿತ್ತು. ಬೇಲಿ ಮಾತ್ರ ಉದ್ದ ಅನ್ನಿಸಿ, ತಲೆಯಿಂದ ಹೊರಗಿದ್ದ 25 ಮಿ.ಮೀ. ಅನ್ನು ಕತ್ತರಿಯಲ್ಲಿ 18ಕ್ಕೆ ಇಳಿಸಿದೆ. ಗಿಡ್ಡ ಮಾಡಿದ್ರೆ ಮೀನಿಗೆ ಅಡ್ಡಿ ಕಮ್ಮಿ ಅಂತ ನನ್ನ ಲೆಕ್ಕ.

ಅತ್ತೆಗೆ ‘ಏರಿ ಬಿಟ್ಟು ಇಳಿಯಲ್ಲ’ ಅಂತ ಮಾತು ಕೊಟ್ಟು ಮಾವ ಕೋಲು ಇಳಿಸಿದ್ರು. ಜಿಗ್ ಕಳೆ ಮೇಲೆಲ್ಲ ಸಲೀಸಾಗಿ ಬಂತು. ಮೀನು ಎರಡು ಸಲ ಹೊಡೀತು. ಎರಡು ಸಲವೂ ದಾರ ಬಿಗಿಯಾಗಿ, ಒಂದು ಕ್ಷಣ ಭಾರ ಅನ್ನಿಸಿ, ಖಾಲಿ ಬಂತು. ‘ನಾನು ಹೇಳಲಿಲ್ವಾ’ ಅನ್ನೋ ಹಾಗೆ ಮಾವ ನೋಡಿದ್ರು.

ಹಾಸ್ಟೆಲ್‌ಗೆ ವಾಪಸ್ ಬಂದು ಯೋಚಿಸಿದಾಗ ಗೊತ್ತಾಗಿದ್ದು: ಬೇಲಿಯ ಒಂದೊಂದು ಎಳೆಯೂ ಒಂದು ಕ್ಯಾಂಟಿಲಿವರ್. ಒಂದು ತುದಿ ಗೋಡೆಗೆ ಸಿಕ್ಕಿಸಿ, ಇನ್ನೊಂದು ತುದಿಗೆ ಭಾರ ಹಾಕಿರೋ ತೊಲೆ. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪರೀಕ್ಷೆಗೆ ಬಾಯಿಪಾಠ ಮಾಡಿದ್ನಲ್ಲ, ಅದೇ:

ಬಲ = 3 × ಇ × ಐ × ಬಾಗು ÷ ಉದ್ದದ ಘನ

ಇಲ್ಲಿ ‘ಇ’ ಅಂದ್ರೆ ಯಂಗ್ಸ್ ಮಾಡ್ಯುಲಸ್, ‘ಐ’ ಅಂದ್ರೆ ಅಡ್ಡಕೊಯ್ತದ ಮೊಮೆಂಟ್ ಆಫ್ ಇನರ್ಷಿಯಾ. ಉದ್ದ ಕೆಳಗಡೆ ಇದೆ, ಅದೂ ಘನದಲ್ಲಿ. ಅಂದ್ರೆ ಕತ್ತರಿಸಿದಷ್ಟೂ ಬೇಲಿ ಗಡಸಾಗುತ್ತೆ! 25ನ್ನ 18 ಮಾಡಿದ್ರೆ 25/18ರ ಘನ, ಸುಮಾರು 2.7 ಪಟ್ಟು. ಅಡ್ಡಿ ಕಮ್ಮಿ ಮಾಡ್ತೀನಿ ಅಂತ ಹೋಗಿ ಎರಡೂವರೆ ಪಟ್ಟಿಗಿಂತ ಹೆಚ್ಚು ಮಾಡಿದ್ದೆ.

ಸಂಖ್ಯೆ ಹಾಕಿ ನೋಡೋಣ. ಒಣಗಿದ ನೈಲಾನ್‌ನ ‘ಇ’ ಸುಮಾರು 2500 ನ್ಯೂಟನ್ ಪ್ರತಿ ಚದರ ಮಿ.ಮೀ. ಅಂತ ಇಟ್ಕೊಳ್ಳಿ. 0.8 ಮಿ.ಮೀ. ವ್ಯಾಸಕ್ಕೆ ‘ಐ’ 0.0201. ಉದ್ದ 25, ಮುಳ್ಳು ಹೊರಬರೋಕೆ ಬೇಕಾದ ಬಾಗು 8 ಮಿ.ಮೀ. ಒಂದು ಎಳೆಗೆ 0.077 ನ್ಯೂಟನ್, ಅಂದ್ರೆ ಸುಮಾರು 8 ಗ್ರಾಂ ಭಾರ. 8 ಎಳೆಗೆ ಸುಮಾರು 63 ಗ್ರಾಂ. ಅದೇ 18 ಮಿ.ಮೀ.ಗೆ 169 ಗ್ರಾಂ. ಈ ಸೂತ್ರ ಸಣ್ಣ ಬಾಗಿಗೆ ಮಾತ್ರ ನಿಖರ. ಇಲ್ಲಿ 25ಕ್ಕೆ 8 ಸಣ್ಣದೇನಲ್ಲ, ಹಾಗಾಗಿ ಇದು ಅಂದಾಜು. ಆದ್ರೆ ಯಾವ ಕಡೆ ಹೋಗ್ತಿದ್ದೀವಿ ಅನ್ನೋದನ್ನ ಸರಿಯಾಗಿ ಹೇಳುತ್ತೆ.

ದಪ್ಪದ ವಿಷಯ ಇನ್ನೂ ಜೋರು. ‘ಐ’ ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕ ಹಾಗೆ ಏರುತ್ತೆ. 0.8ರ ಬದಲು 1 ಮಿ.ಮೀ. ದಾರ ಹಾಕಿದ್ರೆ 2.4 ಪಟ್ಟು ಗಡಸು. ಎಳೆಗಳ ಸಂಖ್ಯೆ ಮಾತ್ರ ಸಾಧು: ಒಂದು ಹೆಚ್ಚಿಸಿದ್ರೆ ಒಂದು ಎಳೆಯಷ್ಟೇ ಹೆಚ್ಚುತ್ತೆ. ಆದ್ದರಿಂದ ದಪ್ಪ, ಉದ್ದ ಮೊದಲೇ ಗೊತ್ತು ಮಾಡಿಕೊಂಡು, ಕಡೆಗೆ ಎಳೆ ಕತ್ತರಿಸಿ ತೆಗೆದು ಸರಿ ಮಾಡೋದು ಸುಲಭ.

ಮೂರನೇ ಜಿಗ್: ಒದ್ದೆಯಾದ ಮೇಲೆ

ಮೂರನೇದಕ್ಕೆ ಬೇಲಿ 25 ಮಿ.ಮೀ., 8 ಎಳೆ. ತಕ್ಕಡಿಯಲ್ಲಿ ನೋಡಿದ್ರೆ 60ರ ಆಸುಪಾಸು. ಲೆಕ್ಕ, ಅಳತೆ ಎರಡೂ ಕೂಡಿದ್ದಕ್ಕೆ ಖುಷಿಯೋ ಖುಷಿ. ಕೆರೆಗೆ ಹೋದ್ರೆ ಮೊದಲ ಅರ್ಧ ಗಂಟೆ ಚೆನ್ನಾಗಿತ್ತು. ಆಮೇಲೆ ಒಂದೊಂದೇ ದಂಟಿಗೆ ಸಿಗೋಕೆ ಶುರು. ಕಡೆಗೆ ಎಷ್ಟು ಬಲವಾಗಿ ಸಿಕ್ಕಿತು ಅಂದ್ರೆ ದಾರ ಕತ್ತರಿಸಬೇಕಾಯ್ತು. ಮಾವ ನೀರಿನ ಕಡೆ ಒಂದು ಹೆಜ್ಜೆ ಇಟ್ರು. ನಾನು ಅಂಗಿ ಹಿಡಿದು ಎಳೆದೆ. ಇಬ್ಬರೂ ಏನೂ ಮಾತಾಡಲಿಲ್ಲ.

ನೈಲಾನ್ ನೀರು ಕುಡಿಯುತ್ತೆ. ಕುಡಿದು ಮೆತ್ತಗಾಗುತ್ತೆ. ಇದು ನಂಗೆ ಗೊತ್ತಿರಲಿಲ್ಲ. ಅದೇ ಅಳತೆಯ ಇನ್ನೊಂದು ಬೇಲಿ ಮಾಡಿ, ಒಂದು ರಾತ್ರಿ ಲೋಟದ ನೀರಲ್ಲಿಟ್ಟು ಬೆಳಿಗ್ಗೆ ತೂಗಿದ್ರೆ 38 ಗ್ರಾಂ. ಒಣಗಿದ ಬೇಲಿಯ ಅಳತೆ ನಂಬಿಕೊಂಡು ಒದ್ದೆ ಕೆಲಸಕ್ಕೆ ಹೋಗಿದ್ದೆ.

ನಾಲ್ಕನೇದಕ್ಕೆ ಉದ್ದ 22 ಮಿ.ಮೀ. ಇಟ್ಟೆ. 25/22ರ ಘನ ಸುಮಾರು 1.5. ನೆನೆಸಿ ತೂಗಿದಾಗ 56 ಗ್ರಾಂ ಬಂತು. ಅದೇ ಈಗ ಮಾವನ ಡಬ್ಬಿಯಲ್ಲಿರೋದು.

ಪರೀಕ್ಷೆ ಮಾಡೋದು ಹೀಗೆ

ಕೆರೆಗೆ ಹೋಗೋ ಮುಂಚೆ ಈ ಎರಡು ಪರೀಕ್ಷೆ ಮಾಡಿ.

ತಕ್ಕಡಿ ಪರೀಕ್ಷೆ: ಜಿಗ್ ಅನ್ನು ರಾತ್ರಿಯಿಡೀ ನೆನೆಸಿ. ತಕ್ಕಡಿ ಮೇಲೆ ಒಂದು ರಟ್ಟು ಇಟ್ಟು ಸೊನ್ನೆ ಮಾಡಿ. ಜಿಗ್‌ನ ತಲೆಯನ್ನ ಇಕ್ಕಳದಲ್ಲಿ ಹಿಡಿದು ತಲೆಕೆಳಗು ಮಾಡಿ, ಬೇಲಿಯ ತುದಿಯನ್ನ ರಟ್ಟಿಗೆ ಒತ್ತಿ. ಮುಳ್ಳು ರಟ್ಟಿಗೆ ಇನ್ನೇನು ತಾಗಿತು ಅನ್ನೋ ಕ್ಷಣದಲ್ಲಿ ತಕ್ಕಡಿ ಎಷ್ಟು ತೋರಿಸುತ್ತೆ ನೋಡಿ. ನಮ್ಮ ಕೆರೆಗೆ ನನ್ನ ಅನುಭವದಲ್ಲಿ 38 ಕಡಿಮೆ, 56 ಸರಿ. ಎರಡನೇ ಜಿಗ್ ನೆನೆಸಿದ ಮೇಲೂ 100 ಗ್ರಾಂ ತೋರಿಸ್ತಿತ್ತು, ಅದು ಹೆಚ್ಚು. ನಿಮ್ಮ ಕೆರೆಯಲ್ಲಿ ತಾವರೆ ದಂಟಿದೆಯೋ, ಜೊಂಡಿದೆಯೋ, ಬರೀ ಪಾಚಿಯೋ ಅನ್ನೋದರ ಮೇಲೆ ಇದು ಬದಲಾಗಬಹುದು. ಈ ಸಂಖ್ಯೆ ಬರೆದಿಟ್ಟುಕೊಂಡ್ರೆ ಮುಂದಿನದು ಕುರುಡಾಗಿ ಮಾಡಬೇಕಿಲ್ಲ.

ರಾಶಿ ಪರೀಕ್ಷೆ: ದಡಕ್ಕೆ ಬಂದಿರೋ ಅಂತರಗಂಗೆಯನ್ನ ಎಳೆದು ಒಂದು ರಾಶಿ ಹಾಕಿ. ಜಿಗ್‌ಗೆ ದಾರ ಕಟ್ಟಿ ರಾಶಿ ಮೇಲಿಂದ ನಿಧಾನಕ್ಕೆ ಹತ್ತು ಸಲ ಎಳೀರಿ. ಎರಡಕ್ಕಿಂತ ಹೆಚ್ಚು ಸಲ ಸಿಕ್ಕಿದ್ರೆ ಬೇಲಿ ಮೆತ್ತಗಿದೆ ಅಥವಾ ತಲೆಯ ಆಕಾರ ಸರಿ ಇಲ್ಲ. ಎಲ್ಲಿ ಸಿಕ್ಕಿದೆ ನೋಡಿ: ಮುಳ್ಳಲ್ಲಿ ಸಿಕ್ಕಿದ್ರೆ ಬೇಲಿಯ ತಪ್ಪು, ಕಣ್ಣಿನ ಹತ್ತಿರ ಸಿಕ್ಕಿದ್ರೆ ತಲೆಯ ತಪ್ಪು.

ಎಳೆಗಳನ್ನ ಬೆರಳಲ್ಲಿ ಸ್ವಲ್ಪ ಬೀಸಣಿಗೆ ಥರ ಅಗಲಿಸಿದ್ರೆ ಪಕ್ಕದಿಂದ ಬರೋ ದಂಟನ್ನೂ ತಡೆಯುತ್ತೆ.

ಕೆರೆಗೆ ಹೋಗೋ ಮುಂಚೆ

ಬಹಳ ಕೆರೆಗಳನ್ನ ಮೀನು ಸಾಕೋಕೆ ಗುತ್ತಿಗೆ ಕೊಟ್ಟಿರ್ತಾರೆ. ಗುತ್ತಿಗೆದಾರರನ್ನೋ ಪಂಚಾಯ್ತಿಯನ್ನೋ ಕೇಳದೆ ಗಾಳ ಹಾಕಬೇಡಿ. ಮಳೆಗಾಲದಲ್ಲಿ ನೀರಿನ ಮೇಲೆ ಕೆಂಪು ಮರಿಗಳ ಗುಂಪು ಕುದಿಯೋ ಹಾಗೆ ಓಡಾಡ್ತಿದ್ರೆ ಅಲ್ಲಿಗೆ ಎಸೀಬೇಡಿ. ಅದು ಕೊರವದ ಮರಿ, ಕೆಳಗೆ ಅಪ್ಪ-ಅಮ್ಮ ಕಾವಲಿರ್ತವೆ. ಅವನ್ನ ಹಿಡಿದ್ರೆ ಅಷ್ಟೂ ಮರಿ ಬೇರೆ ಮೀನಿನ ಪಾಲು. ದಾರ ಗಟ್ಟಿ ಇರೋದು ಹಾಕಿ, ಕಿತ್ತುಹೋದ ದಾರ ಕೆರೆಯಲ್ಲಿ ಬಿಡಬೇಡಿ. ಎಲ್ಲಕ್ಕಿಂತ ಮುಖ್ಯ, ಸಿಕ್ಕಿಕೊಂಡ್ರೆ ದಾರ ಕತ್ತರಿಸಿ. ಐವತ್ತು ರೂಪಾಯಿ ಹೋದ್ರೆ ಹೋಗಲಿ, ನೀರಿಗಿಳೀಬೇಡಿ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಮಾವ ನಾಲ್ಕನೇ ಜಿಗ್ ಎಸೆದ್ರು. ಅಂತರಗಂಗೆ ಮೇಲೆ ಬಿತ್ತು, ಎಲೆಯಿಂದ ಎಲೆಗೆ ಹತ್ತಿ ಇಳಿದು, ಒಂದು ಸಂದಿಗೆ ಬಂದು ಮುಳುಗಿತು. ಕೊರವ ಹೊಡೀತು. ಈ ಸಲ ದಾರ ಖಾಲಿ ಬರಲಿಲ್ಲ. ದಡಕ್ಕೆ ಬಂದ ಮೇಲೆ ಮಾವ ಮೀನಿಗಿಂತ ಹೆಚ್ಚು ಹೊತ್ತು ಜಿಗ್ ನೋಡಿದ್ರು. ಬೇಲಿನ ಬೆರಳಲ್ಲಿ ಒತ್ತಿ, ಬಿಟ್ಟು, ಮತ್ತೆ ಒತ್ತಿ, ‘ಬಾಗ್‌ಬೇಕಾದಾಗ ಬಾಗ್ತದೆ ಕಣ್ಲಾ ಇದು’ ಅಂದ್ರು.

ಅತ್ತೆ ಆ ಮೀನಿಗೆ ಹುಳಿ ಮಾಡಿದ್ರು. ಗಾಳದ ಕೋಲು ಅಟ್ಟಕ್ಕೆ ವಾಪಸ್ ಹೋಗಲಿಲ್ಲ, ಬಾಗಿಲ ಹಿಂದೆ ನಿಂತಿದೆ. ಮಣಿಕಟ್ಟಿನ ಕಲೆ ತೋರಿಸಿ ಪುಟ್ಟಿ ‘ಇದೇನು?’ ಅಂತ ಕೇಳ್ತಾಳೆ. ಅವಳು ಓದೋ ಹಾಗಾದ ಮೇಲೆ ಇದನ್ನೇ ಕೊಡ್ತೀನಿ.